‘ಬ್ಲೈಂಡ್’, ‘ಕ್ಯಾಶ್ ಗೇಮ್’, ‘ಪಾಟ್ ಆಡ್ಸ್’: ಪೋಕರ್ ಬರಹಕ್ಕೆ ಒಪ್ಪುವ ಕನ್ನಡ ಪದಗಳಾವುವು?

ಬಲ್ಲವರೆಲ್ಲರಿಗೂ ಬೆಳಗಾವಿಯಿಂದ ನಮಸ್ಕಾರಗಳು.

ಪರಿಚಯದ ತರುಣರೊಬ್ಬರು ಪೋಕರ್ ಆಟದ ಲೆಕ್ಕಾಚಾರವನ್ನು ಕುರಿತು ಕನ್ನಡದಲ್ಲಿ ಬರೆದ ದೀರ್ಘ ಲೇಖನವೊಂದನ್ನು ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಚೋರ್ಲಾ ಘಾಟ್ ಇಳಿದರೆ ಗೋವೆ. ಪಣಜಿಯ ಮಾಂಡೋವಿ ನದಿಯಲ್ಲಿ ನಿಂತಿರುವ ಕ್ಯಾಸಿನೊ ಹಡಗುಗಳಿಗೆ ನಮ್ಮ ಕಡೆಯಿಂದ ಹೋಗಿಬರುವವರಿಗೆ ಕೊರತೆಯಿಲ್ಲ. ರೊಕ್ಕ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ನಿಷೇಧಿಸಿರುವುದರಿಂದ, ಅವರು ಮೊಬೈಲಿನ ಮಾತನ್ನು ಕೈಬಿಟ್ಟು, ಮೇಜಿನ ಸುತ್ತ ಕುಳಿತು ಆಡುವ ಆಟವನ್ನಷ್ಟೇ ಲೇಖನಕ್ಕೆ ಇಟ್ಟುಕೊಂಡಿದ್ದಾರೆ. ಆಡುವುದು ಸರಿಯೋ ತಪ್ಪೋ ಎಂಬುದು ಬೇರೆಯದೇ ಚರ್ಚೆ. ನನಗೆ ಎದುರಾಗಿರುವ ತೊಡಕು ಪದಗಳದ್ದು.

ನಮ್ಮ ಓದುಗರಿಗೆ ಪೋಕರ್ ಹೊಸದು, ಆದರೆ ಮೂರೆಲೆಯ ಆಟವಾದ ತೀನ್ ಪತ್ತಿ ಹೊಸದಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರಗಳಲ್ಲಿ ಇಸ್ಪೀಟು ಎಲೆ ಹಿಡಿದವರಿಗೆ ಬೂಟ್, ಚಾಲ್, ಪ್ಯಾಕ್, ಶೋ ಎಂಬ ಮಾತುಗಳು ಬಾಯಲ್ಲೇ ಇವೆ. ಇವುಗಳಲ್ಲಿ ಕೆಲವು ಪೋಕರಿಗೂ ಸಲೀಸಾಗಿ ಹೊಂದುತ್ತವೆ. ಎಲೆಗಳನ್ನು ಕೆಳಗಿಟ್ಟು ಆ ಆಟದಿಂದ ಹಿಂದೆ ಸರಿಯುವುದಕ್ಕೆ ‘ಪ್ಯಾಕ್ ಆಗುವುದು’ ಎಂದರೆ ಸಾಕು, ಯಾರೂ ಅರ್ಥ ಕೇಳುವುದಿಲ್ಲ. ಪೇಚಾಟವಿರುವುದು ‘ಬ್ಲೈಂಡ್’ ಎಂಬಲ್ಲಿ.

ತೀನ್ ಪತ್ತಿಯಲ್ಲಿ ಬ್ಲೈಂಡ್ ಎಂದರೆ ತನ್ನ ಎಲೆಗಳನ್ನು ನೋಡದೆ ಆಡುವುದು. ಅದು ಆಟಗಾರನ ಇಚ್ಛೆಗೆ ಬಿಟ್ಟದ್ದು ಮಾತ್ರವಲ್ಲ, ಒಂದು ರೀತಿಯ ರಿಯಾಯಿತಿಯೂ ಹೌದು. ಏಕೆಂದರೆ ಎಲೆ ನೋಡಿದವನು ನೋಡದವನ ಎರಡರಷ್ಟನ್ನು ಹಚ್ಚಬೇಕಾಗುತ್ತದೆ. ಪೋಕರಿನಲ್ಲಿ ಎಲೆ ಹಂಚುವ ಮೊದಲೇ, ಹಂಚುವವನ ಎಡಗಡೆಯ ಇಬ್ಬರು ಗೊತ್ತುಪಡಿಸಿದಷ್ಟು ರೊಕ್ಕವನ್ನು ನಡುವೆ ಇಡಲೇಬೇಕು. ಮೊದಲನೆಯವನದು ಸಣ್ಣ ಬ್ಲೈಂಡ್, ಅವನ ಪಕ್ಕದವನದು ಸಾಮಾನ್ಯವಾಗಿ ಅದರ ಎರಡರಷ್ಟಿರುವ ದೊಡ್ಡ ಬ್ಲೈಂಡ್. ಎಲೆ ನೋಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಮೇಲಾಗಿ, ಎಲ್ಲರಿಗೂ ಸಲ್ಲುವಂತೆ ಮೇಜಿನ ನಡುವೆ ಇಡುವ ಎಲೆಗಳಲ್ಲಿ ಮೊದಲ ಮೂರು ತೆರೆದ ಮೇಲೆ ಪ್ರತಿ ಸುತ್ತಿನಲ್ಲೂ ಸಣ್ಣ ಬ್ಲೈಂಡಿನವನೇ ಎಲ್ಲರಿಗಿಂತ ಮೊದಲು ತೀರ್ಮಾನ ಹೇಳಬೇಕಾಗುವುದರಿಂದ, ಆ ಜಾಗ ಮೇಜಿನಲ್ಲಿಯೇ ಅತಿ ಕೆಟ್ಟದ್ದೆಂದು ಆಟ ಬಲ್ಲವರು ಹೇಳುತ್ತಾರೆ.

ಈಗ ಲೇಖನದ ಸಲಹೆಯೊಂದನ್ನು ನೋಡಿರಿ: “ಸಣ್ಣ ಬ್ಲೈಂಡ್‌ನಲ್ಲಿದ್ದಾಗ ಕಡಿಮೆ ಕೈಗಳನ್ನು ಆಡಿರಿ, ಇಟ್ಟ ರೊಕ್ಕವನ್ನು ಉಳಿಸಿಕೊಳ್ಳುವ ಆಸೆಗೆ ಮತ್ತಷ್ಟು ಹಚ್ಚಬೇಡಿರಿ.” ತೀನ್ ಪತ್ತಿ ಆಡಿದವರು ಇದನ್ನು ‘ಎಲೆ ನೋಡದೆ ಸಣ್ಣ ಮೊತ್ತಕ್ಕೆ ಆಡುವಾಗ ಹುಷಾರು’ ಎಂದು ಓದಿಕೊಳ್ಳುತ್ತಾರೆ. ‘ನೂರು ದೊಡ್ಡ ಬ್ಲೈಂಡ್‌ಗಳಷ್ಟು ರೊಕ್ಕದೊಂದಿಗೆ ಕೂಡುವುದು ವಾಡಿಕೆ’ ಎಂಬ ವಾಕ್ಯವಂತೂ ಇನ್ನೂ ವಿಚಿತ್ರವಾಗಿ ಕೇಳಿಸುತ್ತದೆ. ಐವತ್ತು–ನೂರು ರೂಪಾಯಿ ಬ್ಲೈಂಡ್‌ಗಳ ಮೇಜಿನಲ್ಲಿ ಹತ್ತು ಸಾವಿರ ರೂಪಾಯಿ ಎಂಬುದಷ್ಟೇ ಅದರ ಅರ್ಥ. ‘ಬೂಟ್’ ಎನ್ನೋಣವೆಂದರೆ ಅದನ್ನು ಆಡುವವರೆಲ್ಲರೂ ಇಡುತ್ತಾರೆ, ಇದು ಇಬ್ಬರದ್ದೇ. ನನ್ನ ಮನಸ್ಸು ‘ಮುಂಪಣ’ದ ಕಡೆಗಿದೆ: ಸಣ್ಣ ಮುಂಪಣ, ದೊಡ್ಡ ಮುಂಪಣ. ಪುಸ್ತಕದ ವಾಸನೆ ಸ್ವಲ್ಪ ಹೊಡೆಯುತ್ತದೆಯಾದರೂ ಅರ್ಥ ಕೆಡುವುದಿಲ್ಲ. ಇದಕ್ಕಿಂತ ಸಹಜವಾದದ್ದು ಯಾರಿಗಾದರೂ ಹೊಳೆದರೆ ತಿಳಿಸಬೇಕು.

ಇದೇ ಬಗೆಯ ಇನ್ನೊಂದು ಮೋಸ ‘ಕಲರ್’ ಎಂಬ ಪದದಲ್ಲಿದೆ. ಒಂದೇ ಜಾತಿಯ ಎಲೆಗಳು ಕೂಡಿದರೆ ನಮ್ಮವರು ಅದನ್ನು ಕಲರ್ ಎನ್ನುತ್ತಾರೆ, ಮತ್ತು ತೀನ್ ಪತ್ತಿಯಲ್ಲಿ ಕಲರ್‌ಗಿಂತ ಸೀಕ್ವೆನ್ಸ್ (ಸಾಲಾಗಿ ಬರುವ ಎಲೆಗಳು) ದೊಡ್ಡದು. ಪೋಕರಿನಲ್ಲಿ ಇದು ತಿರುವುಮುರುವು. ಇದಕ್ಕೆ ಕಾರಣ ಬರಿಯ ಎಣಿಕೆ: ಮೂರು ಎಲೆಗಳ 22,100 ಕೂಟಗಳಲ್ಲಿ ಸೀಕ್ವೆನ್ಸ್ 720, ಕಲರ್ 1,096, ಪೋಕರಿನ ಐದು ಎಲೆಗಳ 25,98,960 ಕೂಟಗಳಲ್ಲಿ ಕಲರ್ 5,108, ಸೀಕ್ವೆನ್ಸ್ 10,200. ಎರಡೂ ಕಡೆ ಅಪರೂಪದ್ದಕ್ಕೇ ಬೆಲೆ ಹೆಚ್ಚು. ಪದವನ್ನು ಹಾಗೆಯೇ ಉಳಿಸಿಕೊಂಡು, ಮೊದಲ ಸಲ ಬಂದಲ್ಲಿ ಈ ವ್ಯತ್ಯಾಸವನ್ನು ಹೇಳಿಬಿಡುವುದು ಲೇಸೆಂದು ನನಗೆ ತೋರುತ್ತದೆ.

‘ಕ್ಯಾಶ್ ಗೇಮ್’ ಎಂಬುದನ್ನು ಲೇಖಕರು ‘ನಗದು ಆಟ’ ಎಂದು ಮಾಡಿದ್ದಾರೆ. ನಗದು ಎಂದ ಕೂಡಲೆ ನಮ್ಮ ಪೇಟೆಯಲ್ಲಿ ಅದಕ್ಕೆ ಎದುರಾಗಿ ನಿಲ್ಲುವುದು ಉದ್ರಿ. ಇಲ್ಲಿ ಎದುರಿಗಿರುವುದು ಟೂರ್ನಮೆಂಟ್, ಅದಕ್ಕೂ ಪ್ರವೇಶಕ್ಕೆ ನಗದನ್ನೇ ಕೊಡಬೇಕು. ನಿಜವಾದ ಭೇದ ಬೇರೆಯೇ: ಕ್ಯಾಶ್ ಗೇಮಿನಲ್ಲಿ ಬಿಲ್ಲೆಯ ಮೇಲೆ ಬರೆದಷ್ಟೇ ಅದರ ಬೆಲೆ, ಮುಂಪಣ ಏರುವುದಿಲ್ಲ, ಬೇಕಾದಾಗ ಎದ್ದುಹೋಗಬಹುದು, ಕರಗಿದ್ದನ್ನು ಮತ್ತೆ ತುಂಬಿಕೊಳ್ಳಬಹುದು. ‘ರೊಕ್ಕದ ಆಟ’ ಎಂದರೆ ಎಲ್ಲ ಜೂಜಿಗೂ ಅನ್ವಯಿಸುತ್ತದೆ. ‘ಪಣಕ್ಕೆ ಹಣ ಹಚ್ಚಿ’ ಎಂಬ ಪೊಲೀಸ್ ಪ್ರಕಟಣೆಯ ಧಾಟಿಯೂ ನೆನಪಾಗಿಬಿಡುತ್ತದೆ. ‘ಬಿಡಿ ಆಟ’ ಎಂದರೆ ಹೇಗೆ? ಒಂದೊಂದು ಆಟವೂ ಅಲ್ಲಿಗಲ್ಲಿಗೆ ಮುಗಿಯುತ್ತದೆಂಬ ಭಾವ ಅದರಲ್ಲಿದೆ.

‘ಪಾಟ್ ಆಡ್ಸ್’, ಅಂದರೆ ನಡುವೆ ಕೂಡಿದ ರೊಕ್ಕಕ್ಕೂ ನಾವು ಹಚ್ಚಬೇಕಾದದ್ದಕ್ಕೂ ಇರುವ ಪ್ರಮಾಣ, ಮೊದಲ ಕರಡಿನಲ್ಲಿ ‘ಮಡಕೆಯ ಸಾಧ್ಯತೆ’ಯಾಗಿತ್ತು; ಅದನ್ನು ಹೊಡೆದುಹಾಕಿದ್ದೇನೆ. ನಡುವೆ 600 ರೂಪಾಯಿ ಇದೆ, ಎದುರಾಳಿ 300 ಹಚ್ಚಿದ್ದಾನೆ ಎಂದುಕೊಳ್ಳೋಣ. ನಾವು 300 ಇಟ್ಟರೆ ಗೆಲ್ಲಬಹುದಾದದ್ದು 900, ಅಂದರೆ ಒಂದಕ್ಕೆ ಮೂರು; ನಾಲ್ಕರಲ್ಲಿ ಒಂದು ಸಲವಾದರೂ ಗೆದ್ದರೆ ಮಾತ್ರ ಇಟ್ಟದ್ದು ದಕ್ಕೀತು. ನಮ್ಮ ಬಳಿ ಕಲರ್‌ಗೆ ಒಂದು ಎಲೆ ಕಡಿಮೆಯಿದ್ದು, ಬರಬೇಕಾದದ್ದು ಕೊನೆಯ ಎಲೆ ಒಂದೇ ಆಗಿದ್ದರೆ, ಕೈಯಲ್ಲಿನ ಎರಡು, ನಡುವಿನ ನಾಲ್ಕು ಬಿಟ್ಟು ಕಾಣದ 46 ಎಲೆಗಳಲ್ಲಿ ನಮಗೆ ಬೇಕಾದವು 9. ಇದು ಶೇಕಡಾ 20ಕ್ಕೂ ಕಡಿಮೆ, ಬೇಕಾಗಿರುವುದು 25. ಮುಂದೆ ಎದುರಾಳಿಯಿಂದ ಇನ್ನಷ್ಟು ಬರುವ ಭರವಸೆ ಇಲ್ಲದಿದ್ದರೆ ಪ್ಯಾಕ್ ಆಗುವುದೇ ಸರಿ. ಇಷ್ಟನ್ನು ಹೇಳಲು ‘ನಡುವಿನ ರೊಕ್ಕದ ಲೆಕ್ಕ’ ಎಂಬುದು ನನಗೆ ಸಾಕೆನಿಸುತ್ತದೆ. ಗಣಿತದ ಮೇಷ್ಟ್ರುಗಳು ‘ಅನುಪಾತ’ ಎಂಬುದು ಬರಲೇಬೇಕೆಂದರೆ ವಾದಿಸುವುದಿಲ್ಲ.

‘ಪೊಸಿಷನ್’ಗೆ ನಮ್ಮ ‘ಪಾಳಿ’ ಚೆನ್ನಾಗಿ ಒಗ್ಗುತ್ತದೆ. ‘ಕಡೆಯ ಪಾಳಿಯಲ್ಲಿದ್ದಾಗ ಹೆಚ್ಚು ಕೈ ಆಡಿರಿ, ಮೊದಲ ಪಾಳಿಯಲ್ಲಿ ಗಟ್ಟಿ ಎಲೆಗಳಿಗೆ ಮಾತ್ರ ರೊಕ್ಕ ಹಚ್ಚಿರಿ’ ಎಂದರೆ, ಉಳಿದವರು ಏನು ಮಾಡಿದರೆಂದು ಕಂಡ ಮೇಲೆ ತೀರ್ಮಾನಿಸುವುದರ ಲಾಭ ತಾನಾಗಿ ತಿಳಿಯುತ್ತದೆ. ಸೋಲಿನಿಂದ ಮನಸ್ಸು ಕೆಟ್ಟು ವಿವೇಕವಿಲ್ಲದೆ ಆಡುವ ‘ಟಿಲ್ಟ್’ಗೆ ‘ಜಿದ್ದಿಗೆ ಬಿದ್ದು ಆಡುವುದು’ ಎಂದು ಬರೆದಿದ್ದೇನೆ. ಆದರೆ ಜಿದ್ದು ಒಬ್ಬ ವ್ಯಕ್ತಿಯ ಮೇಲಿನದು. ಟಿಲ್ಟ್ ಆದವನು ಕೆಲವೊಮ್ಮೆ ಯಾರ ಮೇಲೂ ಸಿಟ್ಟಿಲ್ಲದೆ, ಸೋತ ರೊಕ್ಕದ ಬೆನ್ನು ಹತ್ತಿ ಬುದ್ಧಿಗೆಡುತ್ತಾನೆ. ಎರಡನ್ನೂ ಹಿಡಿಯುವ ಒಂದು ಮಾತು ಇದ್ದೀತೇ?

ಕೊನೆಯದಾಗಿ ಎರಡು ಪ್ರಶ್ನೆಗಳು. ಪೋಕರಿನ ‘ಚೆಕ್’, ಅಂದರೆ ರೊಕ್ಕ ಹಚ್ಚದೆ, ಪ್ಯಾಕೂ ಆಗದೆ ಪಾಳಿಯನ್ನು ಮುಂದಿನವರಿಗೆ ಬಿಡುವುದು, ತೀನ್ ಪತ್ತಿಯಲ್ಲಿ ಇಲ್ಲವೇ ಇಲ್ಲ. ಹೀಗಾಗಿ ಎರವಲು ಪಡೆಯಲು ಪದವೂ ಇಲ್ಲ. ಬೇರಾವುದಾದರೂ ಹಳ್ಳಿಯಾಟದಲ್ಲಿ ಇಂಥ ನಡೆಗೆ ಹೆಸರಿದೆಯೇ? ಹಾಗೆಯೇ, ಆಡಿಸುವವರು ಪ್ರತಿ ಆಟದಿಂದ ತಮ್ಮ ಪಾಲೆಂದು ಮುರಿದುಕೊಳ್ಳುವ ರೊಕ್ಕಕ್ಕೆ ವಿಜಯಪುರ, ಬಾಗಲಕೋಟೆ ಕಡೆಯ ಹಿರಿಯರು ಏನೆನ್ನುತ್ತಾರೆ ಎಂಬುದನ್ನು, ಯಾವ ಊರಿನ ಬಳಕೆ ಎಂಬ ವಿವರದೊಂದಿಗೆ ದಯವಿಟ್ಟು ತಿಳಿಸಬೇಕು.