ಜಪಾನಿನ ‘ತನದಾ’ಕ್ಕೆ ‘ಮಕ್ಕಿಗದ್ದೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕಮಿಕತ್ಸು ಎಂಬ ಊರಿನ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಜಪಾನಿನ ಶಿಕೋಕು ದ್ವೀಪದ ತೊಕುಶಿಮಾ ಪ್ರಾಂತ್ಯದಲ್ಲಿದೆ. ಕತ್ಸುಉರಾ ಹೊಳೆಯ ಮೇಲ್ಭಾಗದ ಊರು, ಸುತ್ತ ಬರೀ ಬೆಟ್ಟ, ಕಾಡು. ಕಸವನ್ನು ನಲವತ್ತಕ್ಕೂ ಹೆಚ್ಚು ಬಗೆಯಾಗಿ ವಿಂಗಡಿಸುವ ಊರು ಎಂದು ನಿಮ್ಮಲ್ಲಿ ಕೆಲವರು ಕೇಳಿರಬಹುದು. ನಾನು ಸಿಕ್ಕಿಕೊಂಡಿರುವುದು ಮಾತ್ರ ಅಲ್ಲಿನ ಗದ್ದೆಗಳ ಹೆಸರಿನಲ್ಲಿ.

ಅಲ್ಲಿ ಕಶಿಹರ ಎಂಬ ಕೇರಿ ಇದೆ. ಬೆಟ್ಟದ ಇಳಿಜಾರಿನಲ್ಲಿ ಒಂದರ ಮೇಲೊಂದು ಪುಟ್ಟ ಪುಟ್ಟ ಗದ್ದೆ. ಇಂಥ ಗದ್ದೆಗಳಿಗೇ ಅಲ್ಲಿ ‘ತನದಾ’ ಅನ್ನುವುದು. ಬೆಟ್ಟ ಹೇಗೆ ಬಾಗುತ್ತದೋ ಗದ್ದೆಯ ಅಂಚೂ ಹಾಗೇ ಬಾಗುತ್ತದೆ, ನೇರ ಗೆರೆ ಸಿಗುವುದೇ ಕಷ್ಟ. 1999ರಲ್ಲಿ ಜಪಾನ್ ಸರ್ಕಾರ ದೇಶದ ನೂರು ಅತ್ಯುತ್ತಮ ‘ತನದಾ’ಗಳ ಪಟ್ಟಿ ಮಾಡಿದಾಗ ಇದೂ ಸೇರಿತ್ತು. ಇದನ್ನು ನೋಡಲು ಜನ ಬರುತ್ತಾರೆ.

‘ತನ’ ಅಂದರೆ ಸಾಮಾನಿಡುವ ಗೋಡೆಹಲಗೆ, ‘ತ’ ಅಂದರೆ ಗದ್ದೆ. ಎರಡೂ ಸೇರಿದಾಗ ತಕಾರ ದಕಾರವಾಗುತ್ತದೆ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ ಆಗುವ ಹಾಗೆಯೇ ಅಲ್ವಾ!

ಕನ್ನಡದಲ್ಲಿ ಇದಕ್ಕೆ ಮೊದಲು ಹೊಳೆದದ್ದು ಮಲೆನಾಡಿನ ‘ಮಕ್ಕಿಗದ್ದೆ’. ಕೇಳಲು ಚೆಂದ, ನೆಲದ ವಾಸನೆಯೂ ಇದೆ. ಆದರೆ ಮಕ್ಕಿ ಅಂದಕೂಡಲೇ ಮಳೆ ನಂಬಿದ, ಒಂದೇ ಬೆಳೆಯ ಎತ್ತರದ ಗದ್ದೆ ಎಂಬ ಅರ್ಥ ಬಂದುಬಿಡುತ್ತದೆ. ಕಶಿಹರದಲ್ಲಿ ಬೆಟ್ಟದ ನೀರನ್ನು ಮೇಲಿನಿಂದ ಗದ್ದೆಗೆ ಹಾಯಿಸುತ್ತಾರೆ. ಕರಾವಳಿಯ ಬೈಲು, ಮಜಲು, ಬೆಟ್ಟು ತೆಗೆದುಕೊಂಡರೂ ಇದೇ ತೊಡಕು. ನಮ್ಮ ಈ ಹೆಸರುಗಳೆಲ್ಲ ನೀರು ಎಷ್ಟು ನಿಲ್ಲುತ್ತದೆ, ಎಷ್ಟು ಬೆಳೆ ಬರುತ್ತದೆ ಎಂದು ಹೇಳುತ್ತವೆ. ‘ತನದಾ’ ಹೇಳುವುದು ಗದ್ದೆಯ ಆಕಾರವನ್ನು. ಹಾಗಾಗಿ ‘ಮೆಟ್ಟಿಲುಗದ್ದೆ’ ಕಡೆಗೇ ನನ್ನ ಒಲವು. ಪುಸ್ತಕದ ‘ಸೋಪಾನ ಕೃಷಿ’ ಬೇಡವೇ ಬೇಡ. ಅದರಲ್ಲಿ ಕೆಸರಿನ ಸುಳಿವೇ ಇಲ್ಲ.

ಇನ್ನೊಂದು ಸಣ್ಣ ವಿಷಯ. ಒಂದು ಗದ್ದೆಗೂ ಕೆಳಗಿನ ಗದ್ದೆಗೂ ನಡುವೆ ನೆಟ್ಟಗೆ ನಿಂತಿರುವ ಭಾಗಕ್ಕೆ ಏನನ್ನೋಣ? ‘ಬದು’ ಅಂದರೆ ನೀರು ನಿಲ್ಲಿಸುವ ಮಣ್ಣಿನ ಏರಿ ಮಾತ್ರ ಕಣ್ಣಿಗೆ ಬರುತ್ತದೆ. ಇಲ್ಲಿರುವುದು ಕಲ್ಲು ಪೇರಿಸಿ ಕಟ್ಟಿದ ಗೋಡೆ. ‘ಪಾಗಾರ’ ಅಂದರೆ ತೋಟದ ಬೇಲಿಯಂತಾಗುತ್ತದೆ. ‘ಕಲ್ಲು ಕಟ್ಟಿದ ಧರೆ’ ಎಂದು ಬರೆದಿಟ್ಟಿದ್ದೇನೆ. ಧರೆ ಅಂದರೆ ನೆಟ್ಟಗೆ ನಿಂತ ಮಣ್ಣಿನ ಅಂಚು ಎಂದು ಮಲೆನಾಡು, ಕರಾವಳಿಯವರಿಗೆ ತಕ್ಷಣ ತಿಳಿಯುತ್ತದೆ. ಬಯಲುಸೀಮೆಯವರಿಗೆ ಧರೆ ಅಂದರೆ ಭೂಮಿ ಎಂದೇ ಅನ್ನಿಸೀತೇನೋ.

ಊರಿನ ಹೆಸರಿನ ಕೊನೆಗೆ ‘ಚೋ’ ಎಂದು ಬರುತ್ತದೆ. ನಿಘಂಟು ‘ಪಟ್ಟಣ’ ಅನ್ನುತ್ತದೆ. 1955ರಲ್ಲಿ ಎರಡು ಹಳ್ಳಿ ಸೇರಿಸಿ ಮಾಡಿದ ಆಡಳಿತದ ಘಟಕ ಇದು. ಈಗ 1,500 ಜನರೂ ಇಲ್ಲ. ಪಟ್ಟಣ ಅಂದರೆ ಓದುಗರು ಬಸ್ ನಿಲ್ದಾಣ, ಸಂತೆ ಹುಡುಕುತ್ತಾರೆ. ಸುಮ್ನೆ ‘ಊರು’ ಅಂದುಬಿಡುತ್ತೇನೆ.

ಕೊನೆಯದು ‘ತ್ಸುಮಾಮೊನೊ’. ಊಟದ ತಟ್ಟೆಯ ಅಂದಕ್ಕೆ ಇಡುವ ಎಲೆ, ಹೂವು, ಚಿಗುರು. 1981ರ ಕಡು ಚಳಿಗೆ ಇಲ್ಲಿನ ಕಿತ್ತಳೆ ಜಾತಿಯ ಗಿಡಗಳು ಸತ್ತುಹೋದವು. 1986ರಲ್ಲಿ ಈ ಎಲೆಗಳನ್ನು ಹೋಟೆಲುಗಳಿಗೆ ಮಾರುವ ಕೆಲಸ ಶುರುವಾಯಿತು. ಬಿಡಿಸಿ, ಆರಿಸಿ, ಪೊಟ್ಟಣ ಕಟ್ಟುವವರಲ್ಲಿ ವಯಸ್ಸಾದ ಹೆಂಗಸರೇ ಹೆಚ್ಚು. ಎಲೆ ಹಗುರ ನೋಡಿ, ಅವರ ಕೈಗೆ ಒಗ್ಗಿತು. ಇದನ್ನು ‘ಎಲೆ ವ್ಯಾಪಾರ’ ಎಂದು ಬರೆದರೆ ನಮ್ಮವರಿಗೆ ವೀಳ್ಯದೆಲೆ ಅಥವಾ ಬಾಳೆಎಲೆ ನೆನಪಾಗುವುದು ಖಂಡಿತ. ‘ಸಿಂಗಾರದೆಲೆ’ ಹೇಗಿದೆ?

ಸಾಗರ, ಶೃಂಗೇರಿ, ಶಿರಸಿ ಕಡೆಯವರು ದಯವಿಟ್ಟು ತಿಳಿಸಿ. ಮೇಲಿನಿಂದ ನೀರು ಹಾಯಿಸುವ ಗದ್ದೆಗೂ ನಿಮ್ಮಲ್ಲಿ ಮಕ್ಕಿ ಅನ್ನುವುದುಂಟೇ? ಆ ಕಲ್ಲುಗೋಡೆಗೆ ಬೇರೆ ಹೆಸರಿದ್ದರೆ ಅದನ್ನೂ ಬರೆಯಿರಿ.