ಕಡಲೆಕಾಯಿ–ಮೊಟ್ಟೆ ಅಲರ್ಜಿ, ಜೊತೆಗೆ ಉಬ್ಬಸ: ಶಾಲೆಗೆ ಬಿಡುವ ಮುನ್ನ ನೀವು ಏನು ಮಾಡಿದಿರಿ?

ಐದು ವರ್ಷದವನ ಅಮ್ಮ

ಮಗನಿಗೆ ಐದು ತುಂಬಿ ಎರಡು ತಿಂಗಳಾಯಿತು. ಕಡಲೆಕಾಯಿ, ಮೊಟ್ಟೆ ಎರಡೂ ಆಗುವುದಿಲ್ಲ. ಉಬ್ಬಸವೂ ಇದೆ, ಅದು ಬಾರದಂತೆ ತಡೆಯುವ ಪ್ರಿವೆಂಟರ್ ಇನ್ಹೇಲರ್ ದಿನಕ್ಕೆರಡು ಸಲ ನಡೆಯುತ್ತಿದೆ. ತೂಕ 17 ಕೆಜಿ, ಡಾಕ್ಟರು 0.15 ಮಿಲಿಗ್ರಾಂ ಅಡ್ರಿನಲಿನ್ ಪೆನ್ (ಅಲರ್ಜಿ ಜೋರಾದಾಗ ತಕ್ಷಣ ಚುಚ್ಚುವ ಇಂಜೆಕ್ಷನ್) ಬರೆದುಕೊಟ್ಟಿದ್ದಾರೆ. ಮುಂದಿನ ತಿಂಗಳು ಶಾಲೆ ಶುರು. ಅಲ್ಲಿ ಕೇಳಿದರೆ “ಏನಾದರೂ ಆದರೆ ತಕ್ಷಣ ಫೋನ್ ಮಾಡ್ತೀವಿ” ಅಂತಾರೆ. ನಾನು ಕೆಲಸದ ಜಾಗದಿಂದ ಶಾಲೆ ತಲುಪಲು 40 ನಿಮಿಷ ಬೇಕು.

ನನ್ನ ಪ್ರಶ್ನೆ ಎರಡೇ. ಪೆನ್ ಹಾಕುವುದನ್ನು ಶಾಲೆಯಲ್ಲಿ ಯಾರಿಗೆ, ಹೇಗೆ ಕಲಿಸಿದಿರಿ? ಪೆನ್ ಎಲ್ಲಿ ಇಡಿಸಿದಿರಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಎರಡು ಪೆನ್

40 ನಿಮಿಷ ಅಂದಿರಲ್ಲ, ಆ ಅಂಕಿ ನೋಡಿಯೇ ಹೊಟ್ಟೆ ತೊಳಸಿತು. ನಮ್ಮದೂ 40 ನಿಮಿಷದ ಕಥೆಯೇ.

ಮಗಳಿಗೆ ಆಗ ನಾಲ್ಕು. ಯಾರದೋ ಹುಟ್ಟುಹಬ್ಬ, ಅರ್ಧ ಬಿಸ್ಕತ್ತು. 6:10ಕ್ಕೆ ತುಟಿ ಊದಿತು. ಅಲರ್ಜಿ ಸಿರಪ್ ಕುಡಿಸಿ “ಕಾದು ನೋಡೋಣ” ಅಂತ ಕೂತೆವು. 6:25ಕ್ಕೆ ಕೆಮ್ಮು ಶುರು. ಇವಳಿಗೆ ಉಬ್ಬಸ ಇತ್ತಲ್ಲ, ಅದೇ ಇರಬೇಕು ಅಂತ ತಕ್ಷಣ ಉಸಿರು ಸಡಿಲಿಸುವ ನೀಲಿ ಇನ್ಹೇಲರ್ ಕೊಟ್ಟೆವು. ಸ್ವಲ್ಪ ತಗ್ಗಿದ ಹಾಗೆ ಕಂಡಿತು. 6:50ಕ್ಕೆ ಮಗು ಕೈಯಲ್ಲೇ ಬಳಲಿ ಬಿತ್ತು. ಪೆನ್ ನನ್ನ ಬ್ಯಾಗಿನಲ್ಲೇ ಇತ್ತು ರೀ, ಆ 40 ನಿಮಿಷವೂ. ಚುಚ್ಚಲು ಧೈರ್ಯ ಬರಲಿಲ್ಲ. ಆಸ್ಪತ್ರೆ ಬಾಗಿಲಲ್ಲಿ ನರ್ಸ್ ಚುಚ್ಚಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಎರಡು ಗಂಟೆಯಲ್ಲಿ ಮಗಳು ನಗುತ್ತಿದ್ದಳು, ನಾವೇ ಹಟ ಮಾಡಿ ಮನೆಗೆ ಕರೆದುಕೊಂಡು ಬಂದೆವು. ರಾತ್ರಿ 11:30ಕ್ಕೆ ಮತ್ತೆ ಮೈಯೆಲ್ಲ ದದ್ದು, ವಾಂತಿ, ಎದೆಯಲ್ಲಿ ಸುಂಯ್ ಅಂತ ಸದ್ದು. ಎರಡನೇ ಅಲೆ ಬರಬಹುದು ಅಂತ ಡಾಕ್ಟರು ಹೇಳಿಯೇ ಇದ್ದರು. ನಾವು ಕೇಳಿಸಿಕೊಂಡಿರಲಿಲ್ಲ.

ಅಲ್ಲಿಂದ ಈಚೆಗೆ ಎಂಟು ವರ್ಷದಲ್ಲಿ 14 ಪೆನ್ ತೆಗೆದುಕೊಂಡಿದ್ದೇವೆ. ಬಳಸಿದ್ದು 1, ಅವಧಿ ಮುಗಿದೋ ಕೆಟ್ಟೋ ಎಸೆದದ್ದು 11, ಈಗ ಕೈಯಲ್ಲಿರುವುದು 2. ಒಂದು ಕಾರಿನ ಬಿಸಿಲಿಗೆ ಕಂದು ಬಣ್ಣಕ್ಕೆ ತಿರುಗಿತ್ತು, ಹೊಸದಕ್ಕೆ 13 ದಿನ ಕಾದೆವು. ಆ 13 ದಿನ ಮಗಳನ್ನು ಶಾಲೆಗೆ ಕಳಿಸಲಿಲ್ಲ, ನನ್ನ ರಜೆ ಪೂರ್ತಿ ಖಾಲಿ. ಹೊಸದು ಕೊಳ್ಳುವಾಗ ತಿಂಗಳ ಲೆಕ್ಕ ನೋಡಿ. ಅಂಗಡಿಯಲ್ಲಿ ಆರು ತಿಂಗಳಷ್ಟೇ ಬಾಕಿ ಇರುವುದನ್ನು ಕೊಟ್ಟು ಕಳಿಸ್ತಾರೆ.

ಉಬ್ಬಸದ ಅಪ್ಪ

ಎಲ್ಲರೂ ಪೆನ್ ಪೆನ್ ಅಂತೀರಿ. ಉಬ್ಬಸ ಹತೋಟಿಯಲ್ಲಿ ಇಲ್ಲದಿದ್ದರೆ ಆಹಾರದ ಅಲರ್ಜಿ ಇನ್ನಷ್ಟು ಅಪಾಯ ಅನ್ನೋದು ಯಾರಿಗೂ ನೆನಪಿಲ್ಲ.

ನಮ್ಮವನಿಗೆ ಆರು ವರ್ಷ ಇದ್ದಾಗ ಪ್ರಿವೆಂಟರ್ ನಿಲ್ಲಿಸಿದವನು ನಾನೇ, ಒಪ್ಪಿಕೊಳ್ತೇನೆ. ಸ್ಟೀರಾಯ್ಡ್ ಅಂತೆ, ಮಗು ಕುಳ್ಳಾಗತ್ತಂತೆ ಅಂತ ಮೂರು ಜನ ಹೇಳಿದರು. 11 ವಾರ ಚೆನ್ನಾಗಿಯೇ ಇದ್ದ. ನಾನು ಬೀಗಿದೆ. 12ನೇ ವಾರ ಒಂದು ನೆಗಡಿ ಬಂತು ನೋಡಿ, ಐಸಿಯುನಲ್ಲಿ ನಾಲ್ಕು ರಾತ್ರಿ. ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಎಳೆಯುತ್ತಿತ್ತು, ಒಂದು ವಾಕ್ಯ ಪೂರ್ತಿ ಹೇಳಲು ಮಗುವಿಗೆ ಉಸಿರು ಇರಲಿಲ್ಲ. ಆ ನಾಲ್ಕು ದಿನದಲ್ಲಿ ಬಾಯಿ ಮೂಲಕ, ರಕ್ತನಾಳದ ಮೂಲಕ ಹೋದ ಸ್ಟೀರಾಯ್ಡ್ ಮುಂದೆ ದಿನದ ಎರಡು ಪಫ್ ಯಾವ ಲೆಕ್ಕ?

ಎತ್ತರದ ವಿಷಯ ಆಮೇಲೆ ಕೂತು ಓದಿದೆ. ಬುಡೆಸೊನೈಡ್ ಅನ್ನುವ ಪ್ರಿವೆಂಟರ್ ಸ್ಟೀರಾಯ್ಡ್ ತೆಗೆದುಕೊಂಡ ಮಕ್ಕಳು ದೊಡ್ಡವರಾದ ಮೇಲೆ ಅಳೆದ ಅಧ್ಯಯನ 2012ರಲ್ಲಿ ಬಂತು. ಸರಾಸರಿ ವ್ಯತ್ಯಾಸ 1.2 ಸೆಂಟಿಮೀಟರ್. ಒಂದು ಬೆರಳಿನ ಅಗಲವೂ ಇಲ್ಲ. ಅದಕ್ಕೆ ಹೆದರಿ ಮಗನ ಉಸಿರು ಪಣಕ್ಕಿಟ್ಟಿದ್ದೆ.

ಆಮೇಲೆ ಮನೆಗೊಂದು ನೆಬ್ಯುಲೈಸರ್ ತಂದೆ, ಔಷಧವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಮೆಷಿನ್. ಅದು ಈಗ ಅಟ್ಟದ ಮೇಲಿದೆ. ಕಾರಣ ಸ್ಪೇಸರ್, ಇನ್ಹೇಲರ್‌ಗೆ ಸಿಕ್ಕಿಸುವ ಪ್ಲಾಸ್ಟಿಕ್ ಡಬ್ಬಿ.

ಮೆಷಿನ್ ಇರಲಿ

ಅಟ್ಟದ ಮೇಲೆ ಇಡುವವರು ನಮಗೆ ಕೊಡಿ ಸ್ವಾಮಿ. ರಾತ್ರಿ ಎರಡು ಗಂಟೆಗೆ ಮಗು ಒದ್ದಾಡುವಾಗ ನೆಬ್ಯುಲೈಸರ್ ಹೊಗೆಯಷ್ಟು ಸಮಾಧಾನ ಯಾವುದೂ ಕೊಡಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಏನಾಗತ್ತೆ?

ಉಬ್ಬಸದ ಅಪ್ಪ

ಸಮಾಧಾನ ನಿಮಗೋ ಮಗುವಿಗೋ? ಸಾಧಾರಣ ಅಟ್ಯಾಕ್‌ಗೆ ಇನ್ಹೇಲರ್ ಜೊತೆ ಸ್ಪೇಸರ್ ಇದ್ದರೆ ಮೆಷಿನ್ನಿನಷ್ಟೇ ಕೆಲಸ ಮಾಡತ್ತೆ. ಆಸ್ಪತ್ರೆಗಳಲ್ಲೇ ಅದನ್ನು ಕೊಡ್ತಾರೆ. ಪ್ರತಿ ಪಫ್‌ಗೂ ಮುಂಚೆ ಅಲ್ಲಾಡಿಸಿ, ಒಂದು ಪಫ್, ಐದಾರು ಉಸಿರು, ಮತ್ತೆ ಅಲ್ಲಾಡಿಸಿ. ಸ್ಪೇಸರನ್ನು ಸೋಪು ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಬೇಕು. ಬಟ್ಟೆಯಲ್ಲಿ ತಿಕ್ಕಿದರೆ ಸ್ಥಿರ ವಿದ್ಯುತ್ತಿಗೆ ಔಷಧವೆಲ್ಲ ಗೋಡೆಗೇ ಅಂಟತ್ತೆ. ನೀವು ತಿಕ್ಕಿ ಒರೆಸಿ ಇಟ್ಟು “ಡಬ್ಬಿ ಕೆಲಸ ಮಾಡಲ್ಲ” ಅಂದಿರಬೇಕು.

ಮೆಷಿನ್ ಇರಲಿ

ನಾನು ಒರೆಸ್ತೀನೋ ಇಲ್ಲವೋ ನೀವು ಬಂದು ನೋಡಿದ್ದೀರಾ? 11 ವಾರ ಔಷಧ ನಿಲ್ಲಿಸಿದವರಿಂದ ಪಾಠ ಬೇಡ.

ಶೇಂಗಾ ಅಲ್ಲ, ಪಟ್ಟಿ

ನಿಮ್ಮ ಡಬ್ಬಿ ಜಗಳ ಇರ್ಲಿ, ನಮ್ಮದು ಬ್ಯಾರೇನ ಕಥಿ. ಹುಡುಗಗ ಮೂರು ವರ್ಷ ಇದ್ದಾಗ ಮೈತುಂಬ ಎಕ್ಸಿಮಾ, ತುರಿಸೋ ಚರ್ಮದ ರೋಗ. ಯಾರೋ ಹೇಳಿದ್ರಂತ ರಕ್ತ ಕೊಟ್ಟು 96 ಪದಾರ್ಥದ ಪಟ್ಟಿ ಮಾಡಿಸಿದ್ವಿ. 31ಕ್ಕ ಕೆಂಪು ಗುರುತು. ಹಾಲು ಬಿಟ್ವಿ, ಗೋಧಿ ಬಿಟ್ವಿ, ಸೋಯಾ ಬಿಟ್ವಿ, ಬಾಳೆಹಣ್ಣು ಸೈತ ಬಿಟ್ವಿ. ಏಳು ತಿಂಗಳಾದ ಮ್ಯಾಲೆ ತೂಗಿ ನೋಡಿದ್ರ 13.4 ಕೆಜಿ ಇದ್ದಾಂವ 12.1ಕ್ಕ ಇಳಿದಿದ್ದ. ಎಕ್ಸಿಮಾ ಮಾತ್ರ ಹಂಗಽ ಇತ್ತು.

ಅಲರ್ಜಿ ಡಾಕ್ಟರು ಕಾಗದ ನೋಡಿ ತಲಿ ಹಿಡಕೊಂಡ್ರು. ಅದು ಐಜಿಜಿ ಪರೀಕ್ಷೆ, ಏನೇನು ಉಂಡಾನ ಅನ್ನೋದಕ್ಕ ಮೈ ಇಟ್ಟ ಲೆಕ್ಕ ಅಷ್ಟ, ಅಲರ್ಜಿ ಅಲ್ಲ ಅಂದ್ರು. ಆಮ್ಯಾಲೆ ಚರ್ಮಕ್ಕ ಚುಚ್ಚಿ ನೋಡಿದ್ರು. ಅದರಾಗೂ ನಾಕು ಗುಳ್ಳಿ 3 ಮಿಲಿಮೀಟರ್ ದಾಟಿದ್ವು. ಗುಳ್ಳಿ ಬಂತಂದ್ರ ಅಲರ್ಜಿ ಅಂತ ಅಲ್ಲಂತ. ಆಸ್ಪತ್ರ್ಯಾಗ ಕೂಡಿಸಿ, ಚೂರು ಚೂರು ತಿನ್ನಿಸಿ, ನಾಕು ದಿನ ನಾಕು ಪದಾರ್ಥ ನೋಡಿದ್ರು. ಕಡೀಕ ಉಳಿದಿದ್ದು ಒಂದಽ ಒಂದು, ಗೋಡಂಬಿ. 31ರಾಗ ಒಂದು! ಏಳು ತಿಂಗಳು ಹುಡುಗಗ ಹಾಲು ಕೊಡಲಿಲ್ಲಲ್ಲ ಅಂತ ಇವತ್ತಿಗೂ ನಮ್ಮವ್ವ ಅಳ್ತಾಳ.

ಮುನ್ನೂರು ಮಿಲಿಗ್ರಾಂ

ಪ್ರಶ್ನೆ ಕೇಳಿದ ಮೇಡಂ, ಶಾಲೆಯ ಚಿಂತೆಗಿಂತ ಮೊದಲು ಓರಲ್ ಇಮ್ಯುನೋಥೆರಪಿ (ಅಲರ್ಜಿಯ ಪದಾರ್ಥವನ್ನೇ ಚೂರು ಚೂರು ಏರಿಸಿ ತಿನ್ನಿಸಿ ಮೈಗೆ ಒಗ್ಗಿಸುವುದು) ಬಗ್ಗೆ ಡಾಕ್ಟರನ್ನು ಕೇಳಿ. ಎಷ್ಟು ದಿನ ಪೆನ್ ಹಿಡಿದು ಓಡಾಡ್ತೀರಿ? ಕಡಲೆಕಾಯಿ ಪುಡಿಯ ಔಷಧಕ್ಕೆ 2020ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, 4ರಿಂದ 17 ವರ್ಷದವರಿಗೆ. ನಾವು ಮಗಳಿಗೆ ಏಳರಲ್ಲಿ ಶುರು ಮಾಡಿದೆವು. ಮೊದಲ ದಿನ ಅರ್ಧ ಮಿಲಿಗ್ರಾಂನಿಂದ 6ರವರೆಗೆ, ಆಮೇಲೆ ದಿನಾ 3, ಹೀಗೆ ಎರಡೆರಡು ವಾರಕ್ಕೆ ಏರಿಸಿ 300ಕ್ಕೆ ತಲುಪುವುದು.

ಪುಸ್ತಕದಲ್ಲಿ ಆರು ತಿಂಗಳು. ನಮಗೆ ಹಿಡಿದದ್ದು 13. 80ರಲ್ಲಿ ವಾಂತಿ, ಕೆಳಗಿಳಿಸಿದರು. 120ರಲ್ಲಿ ಜ್ವರ, ಮತ್ತೆ ಇಳಿಸಿದರು. 160ರಲ್ಲಿ ಡೋಸ್ ತೆಗೆದುಕೊಂಡು ಸ್ಕಿಪ್ಪಿಂಗ್ ಆಡಿಬಿಟ್ಟಳು, ಮೈಯೆಲ್ಲ ದದ್ದು, ಪೆನ್ ಬಳಕೆಯಾಯಿತು. ಡೋಸ್ ಆದ ಮೇಲೆ ಓಟ ಇಲ್ಲ, ಬಿಸಿನೀರ ಸ್ನಾನ ಇಲ್ಲ, ಮಲಗುವ ಹಾಗೂ ಇಲ್ಲ. ಮನೆಯ ಸಂಜೆಗಳೆಲ್ಲ ಗಡಿಯಾರದ ಕೈಯಲ್ಲಿ. ಆಸ್ಪತ್ರೆಗೆ 23 ಸಲ ಹೋಗಿದ್ದೇವೆ, ನನಗೆ ಬಡ್ತಿ ತಪ್ಪಿದ್ದು ಇದರಲ್ಲೇ. ಆದರೆ ಇವತ್ತು ಅವಳ ಬಾಯಿಗೆ ತಪ್ಪಿ ಒಂದು ಕಾಳು ಹೋದರೂ ನಾನು ನಿದ್ದೆ ಮಾಡಬಲ್ಲೆ. ಆ ನಿದ್ದೆಗೆ 23 ಸಲ ಹೋದದ್ದು ಸಾರ್ಥಕ.

ಎರಡು ಪೆನ್

ಅಲರ್ಜಿ ಇರುವ ಮಗುವಿಗೆ ದಿನಾ ಅದನ್ನೇ ತಿನ್ನಿಸಿ, ದದ್ದು ಬಂದು, ಪೆನ್ ಚುಚ್ಚಿ, ಆಮೇಲೆ “ನಿದ್ದೆ” ಅಂತೀರಲ್ಲ! ಇದು ವಾಸಿ ಮಾಡುವ ಔಷಧ ಅಲ್ಲ. ನಿಲ್ಲಿಸಿದರೆ ತಡೆದುಕೊಳ್ಳುವ ಶಕ್ತಿಯೂ ಹೋಗಬಹುದು. ಅನ್ನನಾಳ ಊದಿಕೊಳ್ಳುವ ತೊಂದರೆ ಕೆಲವರಿಗೆ ಬರತ್ತೆ, ಅದನ್ನೂ ಬರೆಯಿರಿ. ಅಂದ ಹಾಗೆ ಉಬ್ಬಸ ಹತೋಟಿಗೆ ಬರದ ಮಕ್ಕಳಿಗೆ ಇದನ್ನು ಶುರುವೇ ಮಾಡುವ ಹಾಗಿಲ್ಲ. ಇವರ ಮಗನಿಗೆ ಉಬ್ಬಸ ಇದೆ, ಓದಿದಿರಾ?

ಮುನ್ನೂರು ಮಿಲಿಗ್ರಾಂ

ಓದಿದೆ. “ಶುರು ಮಾಡಿ” ಅನ್ನಲಿಲ್ಲ, “ಕೇಳಿ” ಅಂದೆ. ಪೆನ್ ಬ್ಯಾಗಿನಲ್ಲಿಟ್ಟುಕೊಂಡು 40 ನಿಮಿಷ ಕೂತವರಿಗಿಂತ ನಾವು ಚುಚ್ಚಿದ್ದು ಬೇಗ. ಎರಡು ನಿಮಿಷ.

ಎರಡು ಪೆನ್

ಅದನ್ನು ಚುಚ್ಚಿ ಹೇಳಬೇಕಾಗಿತ್ತಾ? ನಾನಾಗಿ ಹೇಳಿಕೊಂಡ ತಪ್ಪು ಅದು.

ಎರಡನೇ ಹೆರಿಗೆ

ನನ್ನದೊಂದು ಸಂಕಟ. ದೊಡ್ಡವನು ಹುಟ್ಟಿದ್ದು 2006ರಲ್ಲಿ. ಅಲರ್ಜಿಯ ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಮುಟ್ಟಿಸಬೇಡಿ ಅನ್ನುವುದು ಆಗಿನ ಸಲಹೆ, 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ ಕೊಟ್ಟದ್ದು. ಅಕ್ಷರಶಃ ಪಾಲಿಸಿದೆ. 2008ರಲ್ಲಿ ಅವರೇ ಅದನ್ನು ಹಿಂದಕ್ಕೆ ಪಡೆದರು, ನಮಗೆ ಯಾರೂ ಹೇಳಲಿಲ್ಲ. 2015ರಲ್ಲಿ ಲೀಪ್ ಅಧ್ಯಯನ ಬಂತು: ಅಪಾಯ ಹೆಚ್ಚಿರುವ 640 ಹಸುಗೂಸುಗಳು, 4ರಿಂದ 11 ತಿಂಗಳ ನಡುವೆ ಶುರು, ಐದು ವರ್ಷದವರೆಗೆ. ತಿಂದವರಲ್ಲಿ ಅಲರ್ಜಿ ಬಂದದ್ದು 100ಕ್ಕೆ ಸುಮಾರು 3, ದೂರ ಇಟ್ಟವರಲ್ಲಿ 17. ಪೂರ್ತಿ ಉಲ್ಟಾ. ಚಿಕ್ಕವಳಿಗೆ ಡಾಕ್ಟರನ್ನು ಕೇಳಿ ಐದನೇ ತಿಂಗಳಲ್ಲೇ ನುಣ್ಣಗೆ ಅರೆದು, ನೀರಾಗಿಸಿ ನೆಕ್ಕಿಸಿದೆ. ಅವಳು ಏನು ಬೇಕಾದರೂ ತಿನ್ನುತ್ತಾಳೆ. ದೊಡ್ಡವನು ಎದುರಿಗೆ ಕೂತು ನೋಡುತ್ತಾನೆ. ಹೇಳಿದ ಮಾತು ಕೇಳಿದ್ದೇ ನನ್ನ ತಪ್ಪಾ?

ಮೆಷಿನ್ ಇರಲಿ

ಇದನ್ನು ಇಲ್ಲಿ ಬರೆದು ಏನು ಉಪಯೋಗ? ಇವರ ಮಗುವಿಗೆ ಈಗ ಐದು. ಬೇಗ ತಿನ್ನಿಸಬೇಕಿತ್ತು ಅಂತ ಇನ್ನೊಬ್ಬ ಅಮ್ಮನ ಹೊಟ್ಟೆ ಉರಿಸೋದಕ್ಕಾ?

ಎರಡನೇ ಹೆರಿಗೆ

ನನ್ನ ಹೊಟ್ಟೆ ಉರಿಯೇ ಹತ್ತೊಂಬತ್ತು ವರ್ಷದ್ದು. ಬೇರೆಯವರದಕ್ಕೆ ಕೈ ಹಾಕುವಷ್ಟು ಪುರುಸೊತ್ತಿಲ್ಲ.

ಐದು ವರ್ಷದವನ ಅಮ್ಮ

ಎಲ್ಲರಿಗೂ ಧನ್ಯವಾದ. ಎಲ್ಲ ಓದಿ ರಾತ್ರಿ ನಿದ್ದೆ ಬರಲಿಲ್ಲ ಅನ್ನೋದು ಬೇರೆ. ಶಾಲೆಯಲ್ಲಿ ಪೆನ್ ಎಲ್ಲಿ ಇಡಿಸಬೇಕು ಅಂತ ಯಾರಾದರೂ ಹೇಳ್ತೀರಾ?

ಹಳೇ ಟೀಚರ್

22 ವರ್ಷ ಪಾಠ ಮಾಡಿದವಳು, ನಾನು ಹೇಳ್ತೇನೆ. ಪೋಷಕರಿಗೆ ಇಷ್ಟವಾಗಲಿಕ್ಕಿಲ್ಲ.

ನನ್ನ ತರಗತಿಯ ಹುಡುಗನೊಬ್ಬನ ಪೆನ್ ಮುಖ್ಯೋಪಾಧ್ಯಾಯರ ಕೋಣೆಯ ಕಪಾಟಿನಲ್ಲಿತ್ತು. ಬೀಗ ಹಾಕಿ. “ಔಷಧ ಅಂದಮೇಲೆ ಬೀಗ ಬೇಕು” ಅಂತ ನಿಯಮ. ಬೇಕಾದ ದಿನ ಕೀಲಿ ಇದ್ದವರು ರಜೆ. ಬೀಗ ಒಡೆದದ್ದು ನಮ್ಮ ಜವಾನ, ಬೆಂಚಿನ ಕಾಲಿನಿಂದ. ಒಂಬತ್ತು ನಿಮಿಷ. ಹುಡುಗ ಉಳಿದ, ನನ್ನ ಕೈ ಇವತ್ತಿಗೂ ನಡುಗತ್ತೆ. ಆದ್ದರಿಂದ ಮೊದಲ ಮಾತು, ಬೀಗ ಬೇಡ. ತರಗತಿಯ ಬಾಗಿಲ ಪಕ್ಕ, ಮಕ್ಕಳ ಕೈಗೆ ಎಟುಕದ, ದೊಡ್ಡವರ ಕಣ್ಣಿಗೆ ಬೀಳುವ ಮೊಳೆಗೆ ಒಂದು ಚೀಲ. ಒಳಗೆ ಎರಡು ಪೆನ್, ಯಾಕೆಂದರೆ 5–15 ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯದು ಬೇಕು. ನೀಲಿ ಇನ್ಹೇಲರ್, ಸ್ಪೇಸರ್, ಮಗುವಿನ ಫೋಟೊ ಅಂಟಿಸಿದ ಒಂದು ಹಾಳೆ. ಆಟದ ಮೈದಾನಕ್ಕೆ ಹೋದರೆ ಚೀಲವೂ ಹೋಗಬೇಕು.

ಆ ಹಾಳೆಯಲ್ಲಿ ಡಾಕ್ಟರು ಎರಡು ಪುಟ ಬರೆದಿದ್ದರೆ ನೀವು ಅದನ್ನು ಐದು ಸಾಲು ಮಾಡಿಸಿ ತನ್ನಿ. ಎರಡು ಪುಟ ಓದುವ ಹೊತ್ತಿಗೆ ಮಗು ನೀಲಿಯಾಗತ್ತೆ. ತಿಂದ ಮೇಲೆ ಇದ್ದಕ್ಕಿದ್ದಂತೆ ಕೆಮ್ಮು, ಉಬ್ಬಸ, ದನಿ ಬದಲಾದರೆ ಮೊದಲು ಪೆನ್, ಆಮೇಲೆ ಇನ್ಹೇಲರ್. ತೊಡೆಯ ಹೊರಬದಿಗೆ, ಪ್ಯಾಂಟಿನ ಮೇಲಿಂದಲೇ. ಮಲಗಿಸಿ, ಉಸಿರಾಟ ಕಷ್ಟವಾದರೆ ಕೂರಿಸಿ, ಎದ್ದು ನಡೆಯಲು ಬಿಡಬೇಡಿ. ಆಂಬುಲೆನ್ಸ್. ಅಮ್ಮನಿಗೆ ಫೋನ್ ಕೊನೆಯ ಸಾಲಿನಲ್ಲಿ.

ಯಾರಿಗೆ ಕಲಿಸಬೇಕು ಅಂದಿರಿ. ತರಗತಿ ಟೀಚರ್ ಒಬ್ಬರಿಗೆ ಸಾಲದು, ಅವರಿಗೂ ರಜೆ ಇರತ್ತೆ. ಪಿಟಿ ಮೇಷ್ಟ್ರು, ಆಯಾ, ಬಸ್ಸಿನಲ್ಲಿ ಬರುವವರು. ಸೂಜಿ ಇಲ್ಲದ ಅಭ್ಯಾಸದ ಪೆನ್ ಸಿಗತ್ತೆ. ಹೇಳಿ ತೋರಿಸಿದರೆ ಎಲ್ಲರೂ ತಲೆಯಾಡಿಸ್ತಾರೆ, ಅವರ ಕೈಯಲ್ಲೇ ಮಾಡಿಸಿ. ನನ್ನ ಜೊತೆಯ ಟೀಚರೊಬ್ಬರು ಗಾಬರಿಯಲ್ಲಿ ಉಲ್ಟಾ ಹಿಡಿದು ತನ್ನ ಹೆಬ್ಬೆರಳಿಗೇ ಚುಚ್ಚಿಕೊಂಡರು, ಬೆರಳು ಬೆಳ್ಳಗೆ ಸೆಟೆದುಕೊಂಡಿತ್ತು. ಹಾಗೇ ಊಟದ ಮೇಜಿಗೆ, ಮಕ್ಕಳ ಕೈಗೆ ಸೋಪು ನೀರೇ ಬೇಕು. ಸ್ಯಾನಿಟೈಸರ್‌ಗೆ ಕಡಲೆಕಾಯಿ ಅಂಶ ಹೋಗಲ್ಲ.

ಇನ್ನು ಪೋಷಕರ ಮಾತು. ಆ ಹುಡುಗನಿಗೆ ಹಿಂದಿನ ವರ್ಷವೂ ಒಮ್ಮೆ ಹೀಗಾಗಿತ್ತು ಅಂತ ನಮಗೆ ಹೇಳಿರಲೇ ಇಲ್ಲ. ಸೀಟು ಸಿಗಲ್ಲ ಅಂತ ಮುಚ್ಚಿಟ್ಟಿದ್ದರು. ಆಮೇಲೆ ನಮ್ಮ ಮೇಲೇ ಕೂಗಾಡಿದರು.

ಎರಡು ಪೆನ್

ಮುಚ್ಚಿಡುವ ಪರಿಸ್ಥಿತಿ ತಂದವರು ಯಾರು? ಹೇಳಿದ ದಿನವೇ ಮಗಳನ್ನು ಬೇರೆ ಮೇಜಿನಲ್ಲಿ ಒಬ್ಬಳನ್ನೇ ಊಟಕ್ಕೆ ಕೂರಿಸಿದರು ನಮ್ಮ ಶಾಲೆಯಲ್ಲಿ. ಒಂದು ವರ್ಷ! ಇಡೀ ತರಗತಿಗೆ ಕಡಲೆಕಾಯಿ ಬೇಡ ಅಂದಿದ್ದರೆ ಮುಗಿಯುತ್ತಿತ್ತು.

ಹಳೇ ಟೀಚರ್

ಬೇಡ ಅಂತ ಬೋರ್ಡ್ ಹಾಕಿದ ಶಾಲೆಯಲ್ಲೇ ನಾನಿದ್ದದ್ದು. ಬೋರ್ಡ್ ಇದೆ ಅಂತ ಎಲ್ಲರೂ ಊಟದ ಡಬ್ಬಿ ನೋಡುವುದನ್ನೇ ಬಿಟ್ಟರು. ಹಾಲು, ಮೊಟ್ಟೆ, ಎಳ್ಳಿಗೂ ಬೋರ್ಡ್ ಹಾಕ್ತೀರಾ? ಒಬ್ಬಳನ್ನೇ ಕೂರಿಸಿದ್ದು ತಪ್ಪು, ಒಪ್ಪಿದೆ. ಗೆಳತಿ ಒಬ್ಬಳ ಜೊತೆ ಕೂರಿಸಬಹುದಿತ್ತು.

ಎರಡು ಪೆನ್

ಒಂದು ವರ್ಷ ಆದ ಮೇಲೆ ಎಲ್ಲರಿಗೂ ಹೊಳೆಯತ್ತೆ.

ಐದು ವರ್ಷದವನ ಅಮ್ಮ

ಟೀಚರ್, ತುಂಬಾ ಉಪಕಾರವಾಯಿತು. ಐದು ಸಾಲು ಬರೆಸಲು ನಾಳೆಯೇ ಡಾಕ್ಟರ ಹತ್ತಿರ ಹೋಗ್ತೇನೆ. ನನ್ನ ಹತ್ತಿರ ಪೆನ್ ಒಂದೇ ಇದೆ, ಎರಡನೆಯದನ್ನೂ ಬರೆಸ್ತೇನೆ. ಮನೆಗೆ ಬೇರೆ, ಶಾಲೆಗೆ ಬೇರೆ ಅಂದರೆ ನಾಲ್ಕಾಗತ್ತಾ?

ಹಳೇ ಟೀಚರ್

ಆದರೆ ಒಳ್ಳೆಯದು. ಆಗದಿದ್ದರೆ ಎರಡೂ ಮಗುವಿನ ಜೊತೆಗೇ ಓಡಾಡಲಿ. ದಿನಾ ಬೆಳಿಗ್ಗೆ ಬಾಗಿಲಲ್ಲಿ ಚೀಲ ಕೈಯಿಂದ ಕೈಗೆ ಕೊಡಿ, ಸ್ಕೂಲ್ ಬ್ಯಾಗಿನ ತಳಕ್ಕೆ ಹಾಕಬೇಡಿ.

ಉಬ್ಬಸದ ಅಪ್ಪ

ಟೀಚರ್, ಚೀಲದ ಅಳತೆ ಎಷ್ಟು? ನಮ್ಮ ಸ್ಪೇಸರ್ ದೊಡ್ಡದು, ಮಾಸ್ಕ್ ಸೇರಿಸಿದರೆ ಯಾವ ಚೀಲದಲ್ಲೂ ಹಿಡಿಸಲ್ಲ.

ಮೆಷಿನ್ ಇರಲಿ

ಅಟ್ಟದ ಮೇಲೆ ಜಾಗ ಇದೆಯಲ್ಲ.