‘ಶ್ಯಾಲ್’ ರದ್ದಾಯ್ತಂತೆ!

ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) 🚨 ಎಚ್ಚರ! ಇಂಗ್ಲಿಷ್ ಅಗ್ರಿಮೆಂಟ್‌ನಲ್ಲಿ ‘ಶ್ಯಾಲ್’ (shall) ಅಂತಿದ್ದರೆ ಇನ್ನು ಕೋರ್ಟಲ್ಲಿ ನಡೆಯಲ್ಲ. ಅಮೆರಿಕದಲ್ಲಿ ಆಗಲೇ ತೆಗೆದುಹಾಕಿದ್ದಾರೆ. ‘ಮಸ್ಟ್’ (must) ಇದ್ದರೆ ಮಾತ್ರ ಕಡ್ಡಾಯ. ಹಳೇ ಪತ್ರಗಳನ್ನೆಲ್ಲ ಹೊಸದಾಗಿ ಮಾಡಿಸಿ. ಎಲ್ಲ ಗುಂಪಿಗೂ ಕಳಿಸಿ 🙏

ಚಿಕ್ಕಪ್ಪ: ನಮ್ಮ ಪಾಲುದಾರಿಕೆ ಪತ್ರದ ತುಂಬ ಇದೇ ಇದೆ. ಆವತ್ತೇ ಬಡ್ಕೊಂಡೆ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ.

ಅಕ್ಕ: ಯಾವ ಕೋರ್ಟು, ಯಾವ ಕೇಸು, ಯಾವ ವರ್ಷ ಚಿಕ್ಕಪ್ಪ? ಒಂದೂ ಇಲ್ಲವಲ್ಲ ಅದರಲ್ಲಿ.

ಚಿಕ್ಕಪ್ಪ: ವಕೀಲರ ಗುಂಪಿಂದ ಬಂದಿದ್ದಮ್ಮ. ನಿನಗೆ ಎಲ್ಲದರಲ್ಲೂ ಅನುಮಾನ.

ದೊಡ್ಡಪ್ಪ: ಕೊಟ್ಟ ಮಾತಿಗೆ ನಡೆದುಕೊಳ್ಳುವವರಿಗೆ ‘ಶ್ಯಾಲ್’ ಆದರೇನು, ‘ಮಸ್ಟ್’ ಆದರೇನು. ಮೊದಲು ಮನಸ್ಸು ಶುದ್ಧವಾಗಿರಬೇಕು. ಆ ಪತ್ರ ಬರೆಸಿದ್ದು ನಾನು. ಅದರಲ್ಲಿ ಲೋಪ ಹುಡುಕುವ ಕೆಲಸ ಇವತ್ತು ನಿನ್ನೆಯದಲ್ಲ.

ಅಕ್ಕ: ಅಮೆರಿಕದ ವಿಷಯ ಹೇಳ್ತೀನಿ. ಅಲ್ಲಿನ ಫೆಡರಲ್ ಸಿವಿಲ್ ಪ್ರೊಸೀಜರ್ ನಿಯಮಗಳನ್ನು 2007ರಲ್ಲಿ ಸರಳ ಭಾಷೆಯಲ್ಲಿ ತಿರುಗಿ ಬರೆದಾಗ ‘ಶ್ಯಾಲ್’ ಕೈಬಿಟ್ಟರು. ಕಡ್ಡಾಯಕ್ಕೂ ಅದೇ, ಭವಿಷ್ಯಕ್ಕೂ ಅದೇ, ಕೆಲವು ಕಡೆ ಬರೀ ಅನುಮತಿಗೂ ಅದೇ ಬಳಸಿ ಗೊಂದಲ ಆಗಿತ್ತು. ಅದು ಬರೆಯುವ ರೀತಿಯ ಬದಲಾವಣೆ. ಹಳೇ ಕರಾರು ಬಿದ್ದುಹೋಗುತ್ತೆ ಅಂತ ಅದರ ಅರ್ಥ ಅಲ್ಲ.

ಅಣ್ಣ: ಅಯ್ಯೋ, ಗ್ರಾಮರ್ ಕ್ಲಾಸು ನೆನಪಾಯ್ತು! ‘ಐ’, ‘ವಿ’ಗೆ ‘ಶ್ಯಾಲ್’, ಉಳಿದವರಿಗೆ ‘ವಿಲ್’. ನೀರಲ್ಲಿ ಮುಳುಗ್ತಿದ್ದವನು ಎರಡನ್ನೂ ಅದಲುಬದಲು ಮಾಡಿ ಕೂಗಿದ್ದಕ್ಕೆ ಯಾರೂ ಎತ್ತಲಿಲ್ಲ ಅನ್ನೋ ಕಥೆ ಯಾರಿಗಾದ್ರೂ ನೆನಪಿದೆಯಾ? ಎಂಥಾ ಮೇಷ್ಟ್ರುಗಳು ಆಗ!

ಅತ್ತೆ: ಆ ಮೇಷ್ಟ್ರ ಬೆತ್ತ ಮರೆತೆಯೇನೋ 😀

ಅಕ್ಕ: ಅಣ್ಣ, ಆ ನಿಯಮ 1653ರಲ್ಲಿ ಜಾನ್ ವಾಲಿಸ್ ಅನ್ನೋ ಇಂಗ್ಲಿಷ್ ಪಂಡಿತ ಬರೆದ ವ್ಯಾಕರಣದ್ದು. ಅದರ ಉಳಿದರ್ಧವೇ ಕಾನೂನಿಗೆ ಬೇಕಾದ್ದು: ‘ಅವನು’, ‘ಅವರು’ ಜೊತೆ ‘ಶ್ಯಾಲ್’ ಬಂದರೆ ಭವಿಷ್ಯವಲ್ಲ, ಕಟ್ಟಳೆ. ಪತ್ರದಲ್ಲಿ ‘ಪಾರ್ಟ್ನರ್ ಶ್ಯಾಲ್ ಪೇ’ ಅಂತ ಬರೆಯೋದೂ ಅದೇ ಅರ್ಥದಲ್ಲಿ.

ಅತ್ತೆ: ಹಾಗಾದ್ರೆ ‘ಶ್ಯಾಲ್’ ಇದ್ದರೆ ಕಡ್ಡಾಯ, ಮುಗೀತಲ್ಲ?

ಅಕ್ಕ: ಸಾಮಾನ್ಯವಾಗಿ ಹೌದು, ಯಾವಾಗಲೂ ಅಲ್ಲ ಅತ್ತೆ. ನಮ್ಮಲ್ಲಿ ಸಿವಿಲ್ ದಾವೆಗೆ ಪ್ರತಿವಾದಿ 30 ದಿನದಲ್ಲಿ ಲಿಖಿತ ಹೇಳಿಕೆ, ಅಂದರೆ ತನ್ನ ಉತ್ತರ, ಸಲ್ಲಿಸಬೇಕು, ಹೆಚ್ಚೆಂದರೆ 90 ದಿನ. ಅಲ್ಲಿರೋದೂ ‘ಶ್ಯಾಲ್’. ಆದರೂ 2005ರಲ್ಲಿ ಸೇಲಂ ವಕೀಲರ ಸಂಘದ ಕೇಸಲ್ಲಿ ಸುಪ್ರೀಂ ಕೋರ್ಟ್ ಅದು ಮಾರ್ಗದರ್ಶಕ ಮಾತ್ರ, ಕಡ್ಡಾಯವಲ್ಲ, ತೀರಾ ಅಗತ್ಯ ಬಿದ್ದರೆ ಅವಧಿ ದಾಟಿದರೂ ತಗೋಬಹುದು ಅಂತು. ಅದೇ ವಾಣಿಜ್ಯ ದಾವೆಯಲ್ಲಿ 120 ದಿನ ದಾಟಿತೋ, ಬಾಗಿಲು ಮುಚ್ಚಿತು. 2019ರ ಎಸ್‌ಸಿಜಿ ಕಾಂಟ್ರಾಕ್ಟ್ಸ್ ತೀರ್ಪು ಅದು.

ಅತ್ತೆ: ಪದ ಒಂದೇ, ತೀರ್ಪು ಬೇರೆಯಾ?

ಅಕ್ಕ: ವಾಣಿಜ್ಯ ದಾವೆಯ ನಿಯಮದಲ್ಲಿ ತಪ್ಪಿದರೆ ಏನಾಗುತ್ತೆ ಅಂತಲೂ ಬರೆದಿದೆ: ಹಕ್ಕು ಹೋಗುತ್ತೆ, ಕೋರ್ಟ್ ದಾಖಲೆಗೆ ತಗೊಳ್ಳಕೂಡದು. ಇನ್ನೊಂದರಲ್ಲಿ ಅಂಥ ಸಾಲಿಲ್ಲ. ಅದಕ್ಕೇ ಕರಾರಲ್ಲಿ ‘ಶ್ಯಾಲ್’ ಹಾಕಿ ಕೈತೊಳ್ಕೋಬಾರದು. ಯಾರು, ಏನು, ಎಷ್ಟು ದಿನದಲ್ಲಿ, ತಪ್ಪಿದರೆ ಏನು, ನಾಲ್ಕೂ ಬರಬೇಕು. ‘ಅಮೌಂಟ್ ಶ್ಯಾಲ್ ಬಿ ಪೇಡ್’ ಅಂದರೆ ಯಾರು ಕೊಡಬೇಕು ಅನ್ನೋದರಿಂದಲೇ ಜಗಳ ಶುರು.

ದೊಡ್ಡಪ್ಪ: ಅಂದರೆ ನಾನು ಬರೆಸಿದ ಪತ್ರ ಸರಿಯಿದೆ.

ಅಕ್ಕ: ‘ಶ್ಯಾಲ್’ಗಳೆಲ್ಲ ಸರಿಯಿವೆ ದೊಡ್ಡಪ್ಪ. ತೊಂದರೆ ಇರೋದು ವ್ಯಾಜ್ಯದ ಕಲಮಿನಲ್ಲಿ. ಆರ್ಬಿಟ್ರೇಷನ್‌ಗೆ, ಅಂದರೆ ಕೋರ್ಟ್ ಬದಲು ಮಧ್ಯಸ್ಥರ ತೀರ್ಮಾನಕ್ಕೆ, ‘ಮೇ ಬಿ ರೆಫರ್ಡ್’ ಅಂತಿದೆ. ‘ಹೋಗಬಹುದು’ ಅಂದರೆ ಜಗಳ ಆದಮೇಲೆ ಎಲ್ಲರೂ ಮತ್ತೆ ಒಪ್ಪಬೇಕು. ಜಗಳ ಆದಮೇಲೆ ಯಾರು ಒಪ್ತಾರೆ?

ದೊಡ್ಡಪ್ಪ: ‘ಶ್ಯಾಲ್’ ಬೇಡ, ‘ಮೇ’ ಇರಲಿ ಅಂತ ಹಟ ಹಿಡಿದವರು ಇದೇ ಗುಂಪಲ್ಲಿದ್ದಾರೆ.

ಚಿಕ್ಕಪ್ಪ: ಆ ಮಾತು ಈಗ ಬೇಡ. ಓದದೆ ಸಹಿ ಹಾಕಿಸಿದ್ದು ಯಾರು ಅಂತ ನಾನೂ ಹೇಳಬಲ್ಲೆ.

ಅಣ್ಣ: ‘ಮೇ’ ತೆಗೆದು ‘ಶ್ಯಾಲ್’ ಹಾಕಿದ್ರೆ ಆಯ್ತಲ್ಲ, ಬಿಡಿ.

ಅಕ್ಕ: ಅಷ್ಟೇ ಸಾಲದು. ಜಗದೀಶ್ ಚಂದರ್ ಕೇಸು, 2007. ಅದೂ ಪಾಲುದಾರಿಕೆ ಪತ್ರವೇ. ‘ಶ್ಯಾಲ್ ಬಿ ರೆಫರ್ಡ್’ ಅಂತಲೇ ಇತ್ತು, ಹಿಂದೆ ‘ಪಾಲುದಾರರು ಹಾಗೆ ನಿರ್ಧರಿಸಿದರೆ’ ಅಂತ ಬಾಲ ಅಂಟಿಸಿದ್ದರು. ಅದು ಆರ್ಬಿಟ್ರೇಷನ್ ಒಪ್ಪಂದವೇ ಅಲ್ಲ ಅಂತು ಸುಪ್ರೀಂ ಕೋರ್ಟ್. ಆ ಬಾಲ ಬರಕೂಡದು. ಆರ್ಬಿಟ್ರೇಟರ್ ಕೊಡೋ ತೀರ್ಪಿಗೆ ಎಲ್ಲರೂ ಬದ್ಧ ಅಂತ ಇರಬೇಕು. ಆರ್ಬಿಟ್ರೇಟರ್ ಒಬ್ಬರು ಅಥವಾ ಮೂವರು, ಸಮಸಂಖ್ಯೆ ಆಗಲ್ಲ. ಆರ್ಬಿಟ್ರೇಷನ್ನಿಗೆ ಯಾವ ಊರು ಪೀಠ, ಅಂದರೆ ಕಾನೂನಿನ ನೆಲೆ, ಅನ್ನೋದೂ ಬರೀಬೇಕು.

ಅತ್ತೆ: ಇಡೀ ಪತ್ರ ಹೊಸದಾಗಿ ಮಾಡಿಸಬೇಕಾ?

ಅಕ್ಕ: ಬೇಡ ಅತ್ತೆ. ಆ ಒಂದು ಕಲಮಿಗೆ ಪೂರಕ ಪತ್ರ ಸಾಕು, ಎಲ್ಲ ಪಾಲುದಾರರ ಸಹಿ ಬೇಕು. 1932ರ ಪಾಲುದಾರಿಕೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಎಲ್ಲರ ಒಪ್ಪಿಗೆ ಇಲ್ಲದೆ ಷರತ್ತು ಬದಲಾಗಲ್ಲ. ಸ್ಟ್ಯಾಂಪ್ ಸರಿಯಾದ ಬೆಲೆಯದ್ದೇ ಹಾಕಿ. ಕಡಿಮೆ ಬಿದ್ದರೆ ಪತ್ರ ಅನೂರ್ಜಿತ ಆಗಲ್ಲ, ಆದರೆ ಬಾಕಿ ಮತ್ತು ದಂಡ ಕಟ್ಟೋವರೆಗೆ ಸಾಕ್ಷ್ಯಕ್ಕೆ ತಗೊಳ್ಳಲ್ಲ.

ಚಿಕ್ಕಪ್ಪ: ಸಹಿ ಹಾಕ್ತೀನಿ. ಆದರೆ ಆರ್ಬಿಟ್ರೇಟರ್ ಯಾರು ಅಂತ ನಾನೇ ಹೇಳೋದು.

ದೊಡ್ಡಪ್ಪ: ಹಿರಿಯನಾಗಿ ನಾನಿರುವಾಗ?

ಅಕ್ಕ: ಇಬ್ಬರೂ ಒಬ್ಬೊಬ್ಬರೇ ನೇಮಿಸೋ ಹಾಗಿಲ್ಲ. ಫಲಿತಾಂಶದಲ್ಲಿ ಹಿತಾಸಕ್ತಿ ಇರೋರು ಏಕೈಕ ಆರ್ಬಿಟ್ರೇಟರನ್ನು ತಾವೇ ನೇಮಿಸಕೂಡದು ಅಂತ 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪಿದೆ. ಒಬ್ಬರ ಹೆಸರಿಗೆ ಇಬ್ಬರೂ ಒಪ್ಪಬೇಕು. ಕೋರಿಕೆ ತಲುಪಿ 30 ದಿನದಲ್ಲಿ ಒಪ್ಪದಿದ್ದರೆ ಹೈಕೋರ್ಟಿಗೆ ಅರ್ಜಿ ಹಾಕಬಹುದು, ಅದು ನೇಮಿಸುತ್ತೆ. ಚಿಕ್ಕಪ್ಪ, ಆ ಕಲಮಿನ ಫೋಟೋ ಕಳಿಸಿ, ಕರಡು ಮಾಡ್ತೀನಿ. ಆ ಫಾರ್ವರ್ಡ್ ಎಲ್ಲಿಗೆಲ್ಲ ಕಳಿಸಿದ್ದೀರೋ ಅಲ್ಲೆಲ್ಲ ಡಿಲೀಟ್ ಮಾಡಿ.